ಕೂತಲ್ಲೇ ಹೊತ್ತ ಮೂಟೆ

ರಂಗೋಲಿಯ ಎಳೆ ತುಂಡಾಗಲು ಶುರುವಾದದ್ದು ಒಂದು ಧನುರ್ಮಾಸದಲ್ಲಿ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ, ಚುಕ್ಕಿ ಇಟ್ಟು, ಎಳೆ ಎಳೆಯಲು ಬಗ್ಗಿದರೆ ಪುಡಿ ಒಂದು ಕಡೆ ಗುಪ್ಪೆಯಾಗಿ ಬೀಳುತ್ತಿತ್ತು, ಇನ್ನೊಂದು ಕಡೆ ಬೀಳುತ್ತಲೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಪುಡಿ ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಚಳಿಗೆ ಬೆರಳು ಮರಗಟ್ಟಿದೆ ಅಂದುಕೊಂಡೆ. ಸಂಕ್ರಾಂತಿ ಕಳೆಯಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟೂ ಹೋಯಿತು. ಬೆರಳಿನ ಜೋಮು ಮಾತ್ರ ಹೋಗಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಹಾಸಿಗೆಯ ಮೇಲೆ ಎದ್ದು ಕೂತು, ಒದ್ದೆ ಬಟ್ಟೆ ಕೊಡವಿದ ಹಾಗೆ ಬಲಗೈಯನ್ನು ಕೊಡವಿ ಕೊಡವಿ ಜೀವ ತರಿಸಿಕೊಂಡು ಮತ್ತೆ ಮಲಗುತ್ತಿದ್ದೆ.

ಆಗ ನನಗೆ ಮೂವತ್ತನಾಲ್ಕು. ಚಾಮರಾಜಪೇಟೆಯ ಒಂದು ಮುದ್ರಣಾಲಯದ ಡಿಟಿಪಿ ವಿಭಾಗದಲ್ಲಿ ಹನ್ನೊಂದು ವರ್ಷ ಕೂತಿದ್ದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಗೈಡುಗಳು, ಲಗ್ನಪತ್ರಿಕೆಗಳು, ಸಹಕಾರ ಸಂಘಗಳ ವಾರ್ಷಿಕ ವರದಿ, ಪಿಎಚ್‌.ಡಿ. ಪ್ರಬಂಧಗಳು, ಹೀಗೆ ಕೈಬರಹದಲ್ಲಿ ಬಂದದ್ದನ್ನೆಲ್ಲ ಅಕ್ಷರ ಜೋಡಿಸಿ, ಪುಟ ಕಟ್ಟಿ ಕೊಡುವುದು ಕೆಲಸ. ಸಂಜೆ ಮನೆಗೆ ಬಂದು ಚೀಲ ಇಳಿಸುವಾಗ ಕೈ ತಾನಾಗಿ ಹೆಗಲಿಗೆ ಹೋಗುತ್ತಿತ್ತು. ಅದನ್ನು ನೋಡಿ ನಮ್ಮತ್ತೆ ಒಂದು ದಿನ ಕೇಳಿದರು: "ಫ್ಯಾನಿನ ಕೆಳಗೆ ಕೂತು ಮಾಡೋ ಕೆಲಸ. ಮೂಟೆ ಹೊತ್ತೋಳ ಹಂಗೆ ಹೆಗಲು ಹಿಡ್ಕೊಂಡು ಬರ್ತೀಯಲ್ಲೇ?"

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ನಾಟಿ ಹಾಕಿದವರು, ತಲೆಯ ಮೇಲೆ ಹೊರೆ ಹೊತ್ತು ಗದ್ದೆ ಬದು ದಾಟಿದವರು. ಬೆವರು ಬಾರದ ಕೆಲಸಕ್ಕೆ ಮೈನೋವು ಹೇಗೆ ಬಂತು ಎಂಬುದು ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ. ಅದಕ್ಕೇ ನೋವನ್ನು ಬಚ್ಚಿಟ್ಟುಕೊಂಡು ತಿರುಗಿದೆ. ಈ ನೋವಿನ ದೊಡ್ಡ ಕಷ್ಟ ಇದೇ. ಇದಕ್ಕೆ ಗಾಯವಿಲ್ಲ, ಬಾವು ಇಲ್ಲ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೇಳಿಕೊಂಡರೆ ಸೋಮಾರಿತನದ ಹಾಗೆ ಕೇಳಿಸುತ್ತದೆ.

ಮೊದಲು ಹೋದ ವೈದ್ಯರು ಕತ್ತಿನ ಎಕ್ಸ್‌ರೇ ತೆಗೆಸಿದರು, ವಯಸ್ಸಿಗೆ ಸವೆತ ಸಹಜ ಅಂದರು, ಹತ್ತು ದಿನದ ಮಾತ್ರೆ ಬರೆದು ಕತ್ತಿಗೊಂದು ಕಾಲರ್ ಕೊಟ್ಟರು. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಲಿಲ್ಲ. ಮಾತ್ರೆ ಇರುವಷ್ಟು ದಿನ ಆರಾಮ, ಮುಗಿದ ಮೇಲೆ ಮೊದಲಿನಂತೆಯೇ. ಆರು ತಿಂಗಳ ಮೇಲೆ ಒಂದು ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಹೆಣ್ಣುಮಗಳೊಬ್ಬಳು, ನನಗಿಂತ ಚಿಕ್ಕವಳು, ಚೀಟಿ ಪಕ್ಕಕ್ಕಿಟ್ಟು ಕೇಳಿದಳು: "ಏನ್ ಕೆಲಸ ಮಾಡ್ತೀರಕ್ಕಾ?" ಹೇಳಿದೆ. "ಹೇಗೆ ಕೂರ್ತೀರಿ? ಇಲ್ಲೇ ಕೂತು ತೋರಿಸಿ." ಅಲ್ಲಿದ್ದ ಮೇಜಿನ ಮುಂದೆ ಕೂತು, ಕೀಬೋರ್ಡ್ ಇದೆ ಎಂದುಕೊಂಡು ಕೈ ಚಾಚಿದೆ. ಎಡಗಡೆ ಹಸ್ತಪ್ರತಿ ಇದೆ ಎಂದುಕೊಂಡು ಕತ್ತು ಬಗ್ಗಿಸಿದೆ. ಆಕೆ ಹಿಂದೆ ಬಂದು ನನ್ನ ಎರಡೂ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದಳು. ಎರಡು ಬೆರಳಿನಷ್ಟು ಕೆಳಗಿಳಿದವು. "ಇಷ್ಟು ಎತ್ತಿಕೊಂಡೇ ಹನ್ನೊಂದು ವರ್ಷ ಕೂತಿದ್ದೀರಿ" ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಒಬ್ಬರಾದರೂ ನಂಬಿದರಲ್ಲ ಎಂದು.

ರೋಗಿಯನ್ನು "ನಿನ್ನ ಕಸುಬೇನು" ಎಂದು ಕೇಳಲೇಬೇಕೆಂದು ವೈದ್ಯರಿಗೆ ಮೊದಲು ಒತ್ತಿ ಹೇಳಿದವನು ಬರ್ನಾರ್ಡಿನೋ ರಾಮಾತ್ಸೀನಿ ಎಂಬ ಇಟಲಿಯ ವೈದ್ಯ. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಅವನ ಪುಸ್ತಕ ಬಂದದ್ದು 1700ರಲ್ಲಿ. 1713ರಲ್ಲಿ ಅದನ್ನು ಹಿಗ್ಗಿಸಿದಾಗ ಗುಮಾಸ್ತರಿಗೂ ಲಿಪಿಕಾರರಿಗೂ ಒಂದು ಅಧ್ಯಾಯ ಕೊಟ್ಟ. ಅವರ ಕಾಯಿಲೆಗೆ ಅವನು ಹೇಳಿದ ಕಾರಣ ಮೂರು: ದಿನವಿಡೀ ಕೂತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಲೇ ಇರುವುದು, ತಪ್ಪಾದೀತೆಂಬ ಚಿಂತೆಯಲ್ಲಿ ಮನಸ್ಸನ್ನು ಬಿಗಿ ಹಿಡಿದಿರುವುದು. ಮುನ್ನೂರು ವರ್ಷ ಹಳೆಯ ಈ ಮೂರು ಮಾತನ್ನು ನಮ್ಮ ಡಿಟಿಪಿ ಕೋಣೆಯ ಗೋಡೆಗೆ ಅಂಟಿಸಿದರೆ ಒಂದಕ್ಷರ ತಿದ್ದಬೇಕಾಗಿಲ್ಲ. ಅದೇ ಅಧ್ಯಾಯದಲ್ಲಿ ಅವನಿಗೆ ಪರಿಚಯವಿದ್ದ ಒಬ್ಬ ಬರಹಗಾರನ ಕಥೆಯಿದೆ. ಬರೆದೂ ಬರೆದೂ ಬಲಗೈ ಸೋತು ಸ್ವಾಧೀನ ತಪ್ಪಿತಂತೆ. ಎಡಗೈಯಲ್ಲಿ ಬರೆಯುವುದನ್ನು ಕಲಿತನಂತೆ. ಸ್ವಲ್ಪ ಕಾಲಕ್ಕೆ ಎಡಗೈಗೂ ಅದೇ ಗತಿಯಾಯಿತಂತೆ. ಬಲಗೈ ಜೋಮಿಗೆ ಹೆದರಿ ಮೌಸನ್ನು ಎಡಗೈಗೆ ದಾಟಿಸಿ ಜಾಣತನ ಮಾಡಿದೆನೆಂದುಕೊಂಡಿದ್ದ ನಾನು ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ.

ಬೆರಳು ಜೋಮು ಹಿಡಿಯುವುದೇಕೆಂದು ಆ ಫಿಸಿಯೋ ಹುಡುಗಿ ಕಾಗದದ ಮೇಲೆ ಬರೆದು ತೋರಿಸಿದಳು. ಮಣಿಕಟ್ಟಿನ ಒಳಗೆ ಮೂಳೆಗಳ ತೊಟ್ಟಿಯಿದೆ, ಅದರ ಮೇಲೆ ಗಟ್ಟಿ ಪಟ್ಟಿ ಬಿಗಿದಿದೆ. ಆ ಇಕ್ಕಟ್ಟಿನಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಒಂದು ನರ ಹಾದುಹೋಗುತ್ತವೆ. ಒಳಗೆ ಊದಿಕೊಂಡರೆ, ಇಲ್ಲವೇ ಮಣಿಕಟ್ಟು ಹೊತ್ತುಗಟ್ಟಲೆ ಮೇಲಕ್ಕೆ ಬಾಗಿದ್ದರೆ ಒತ್ತಡ ಬೀಳುವುದು ಆ ನರದ ಮೇಲೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಅದರ ಪಾಲು. ಕಿರುಬೆರಳು ಬೇರೆ ನರದ್ದು, ಅದಕ್ಕೇನೂ ಆಗುವುದಿಲ್ಲ. ರಂಗೋಲಿ ಬಿಡುವ ಮೂರೇ ಮೂರು ಬೆರಳು ನನಗೆ ಕೈಕೊಟ್ಟದ್ದು ಯಾಕೆಂದು ಆಗ ಹೊಳೆಯಿತು. ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಇದು ಬರುವುದಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಸಿರು, ಇವೂ ಕಾರಣವಾಗುತ್ತವೆ ಎಂದು ಹೇಳಿ ನನ್ನ ರಕ್ತ ಪರೀಕ್ಷೆಯನ್ನೂ ಮಾಡಿಸಿದಳು. ಆದರೆ ಮೇಜಿನ ಅಂಚಿಗೆ ಮಣಿಕಟ್ಟು ಒತ್ತಿಟ್ಟು ದಿನಕ್ಕೆ ಎಂಟು ಗಂಟೆ ಮೌಸ್ ಹಿಡಿಯುತ್ತಿದ್ದದ್ದು ನನ್ನ ನರಕ್ಕೆ ಒಳ್ಳೆಯದು ಮಾಡಿರಲಿಲ್ಲ.

ಎಡಗೈಯ ಕಥೆ ಬೇರೆ. ಅದನ್ನು ಕನ್ನಡದಲ್ಲಿ ಅಕ್ಷರ ಜೋಡಿಸುವವರು ಮಾತ್ರ ಬಲ್ಲರು. ನಾವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ. ಕಲಿಯಲು ಅದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಒಂದು ವಾರದಲ್ಲಿ ನಾನು ಅದರಲ್ಲಿ ಓಡುತ್ತಿದ್ದೆ. ಅದರಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು, ಎಡಗೈ ತೋರುಬೆರಳಿನದು. ದೀರ್ಘಕ್ಕೆ, ಮಹಾಪ್ರಾಣಕ್ಕೆ ಶಿಫ್ಟ್ ಬೇಕು. "ರಾಷ್ಟ್ರ" ಎಂದು ಒಂದು ಸಲ ಹೊಡೆದು ನೋಡಿ. ರಕಾರ, ದೀರ್ಘ, ಷಕಾರ, ಒತ್ತು, ಟಕಾರ, ಮತ್ತೆ ಒತ್ತು, ಮತ್ತೆ ರಕಾರ: ಏಳಕ್ಕೆ ಏಳೂ ಕೀ ಎಡಗೈಯವೇ. ಶಿಫ್ಟನ್ನು ಬಲಗೈ ಕಿರುಬೆರಳಿನಲ್ಲಿ ಒತ್ತಬೇಕೆಂದು ನಿಯಮವಿದೆ. ಬಲಗೈ ಮೌಸಿಗೂ ಕೀಗೂ ಓಡಾಡುತ್ತಿರುವ ಭರದಲ್ಲಿ ಅದೂ ಎಡಗೈ ಪಾಲಿಗೇ ಬರುತ್ತಿತ್ತು. ರಾಜ್ಯಶಾಸ್ತ್ರದ ಗೈಡಿನ ಒಂದು ಪುಟದಲ್ಲಿ ರಾಷ್ಟ್ರ, ರಾಷ್ಟ್ರಪತಿ, ಅಂತರರಾಷ್ಟ್ರೀಯ ಎಷ್ಟು ಸಲ ಬರುತ್ತವೆಂದು ಲೆಕ್ಕ ಹಾಕಿಕೊಳ್ಳಿ. ತಪ್ಪು ಭಾಷೆಯದಲ್ಲ, ವಿನ್ಯಾಸದ್ದೂ ಅಲ್ಲ. ಇಷ್ಟು ಹೊಡೆಯುವ ಕೈಗೆ ನಡುನಡುವೆ ಬಿಡುವು ಬೇಕೆಂದು ಯಾರೂ ಎಣಿಸದೇ ಇದ್ದದ್ದು ತಪ್ಪು.

ನಾನು ಟೈಪಿಂಗ್ ಕಲಿತದ್ದು ತುಮಕೂರಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ. ಬೆಳಿಗ್ಗೆ ಆರರ ಬ್ಯಾಚು. ಮೇಷ್ಟ್ರು ಕೈಯಲ್ಲಿ ಮರದ ಸ್ಕೇಲು ಹಿಡಿದು ಹಿಂದೆ ಹಿಂದೆ ಓಡಾಡುತ್ತಿದ್ದರು. ಬೆನ್ನು ಬಾಗಿದರೆ ಕುರ್ಚಿಗೆ ಟಕ್ ಅಂತ ಹೊಡೆಯುತ್ತಿದ್ದರು. ಮಣಿಕಟ್ಟು ಮಿಷನ್ನಿನ ಮೇಲೆ ಊರಿದರೆ ಸ್ಕೇಲನ್ನು ಅಡಿಗೆ ತೂರಿಸಿ ಎತ್ತುತ್ತಿದ್ದರು. ಪಾಠದ ಹಾಳೆಗೆ ಎಡಗಡೆ ಓರೆಯಾದ ಸ್ಟ್ಯಾಂಡು ಇರುತ್ತಿತ್ತು. ಸಾಲು ಮುಗಿಯುವ ಹೊತ್ತಿಗೆ ಗಂಟೆ ಟಿಣ್ ಅನ್ನುತ್ತಿತ್ತು. ಎಡಗೈ ಎತ್ತಿ ಲಿವರ್ ಎಳೆದು ಮುಂದಿನ ಸಾಲಿಗೆ ಹೋಗಬೇಕಿತ್ತು. ಹಾಳೆ ಮುಗಿದರೆ ತೆಗೆದು, ಕಾರ್ಬನ್ ಹೊಂದಿಸಿ, ಹೊಸದನ್ನು ಸುತ್ತಬೇಕಿತ್ತು. ಇವೆಲ್ಲ ಆಗ ಕಿರಿಕಿರಿ ಅನ್ನಿಸುತ್ತಿದ್ದವು. ಈಗ ನೋಡಿದರೆ ಒಂದೊಂದೂ ಹೆಗಲಿಗೆ ಸಿಗುತ್ತಿದ್ದ ವಿರಾಮ. ಕಂಪ್ಯೂಟರಿನಲ್ಲಿ ಸಾಲು ತಾನೇ ಮಡಚಿಕೊಳ್ಳುತ್ತದೆ, ಪುಟ ತಾನೇ ಮುಗಿದು ತಾನೇ ಹುಟ್ಟುತ್ತದೆ. ಗಂಟೆ ಹೊಡೆಯುವುದಿಲ್ಲ. ಕಂಪ್ಯೂಟರ್ ನಮ್ಮ ಕೆಲಸವನ್ನು ಹಗುರ ಮಾಡಿದ್ದು ನಿಜ, ಜೊತೆಗೆ ಕೆಲಸದ ಒಳಗೇ ಇದ್ದ ಬಿಡುವನ್ನೂ ತೆಗೆದುಕೊಂಡು ಹೋಯಿತು.

ಆ ಚಿಕ್ಕ ಬಿಡುವು ಯಾಕೆ ಅಷ್ಟು ದೊಡ್ಡದೆಂಬುದಕ್ಕೆ ಸ್ವೀಡನ್ನಿನ ಸಂಶೋಧಕ ಗೋರಾನ್ ಹ್ಯಾಗ್ 1991ರಲ್ಲಿ ಒಂದು ವಿವರಣೆ ಕೊಟ್ಟರು. ಸ್ನಾಯುವಿನ ಎಲ್ಲ ಎಳೆಗಳೂ ಒಟ್ಟಿಗೆ ದುಡಿಯುವುದಿಲ್ಲ. ಸ್ವಲ್ಪ ಬಲ ಬೇಕಾದಾಗ ಮೊದಲು ಏಳುವುದು ಸಣ್ಣ ಎಳೆಗಳ ಒಂದು ಗುಂಪು. ಭಾರ ಹೆಚ್ಚಾದರೆ ಉಳಿದವು ಬಂದು ಸೇರುತ್ತವೆ, ಭಾರ ಇಳಿದೊಡನೆ ಹೊರಟು ಹೋಗುತ್ತವೆ. ಮೊದಲು ಎದ್ದ ಸಣ್ಣ ಎಳೆಗಳು ಮಾತ್ರ ಸ್ನಾಯು ಪೂರ್ತಿ ಸಡಿಲವಾಗುವ ತನಕ ಬಿಡುವಿಲ್ಲದೆ ದುಡಿಯುತ್ತವೆ. ಅವರು ಇವನ್ನು ಸಿಂಡ್ರೆಲಾ ಎಳೆಗಳೆಂದು ಕರೆದರು. ನಮ್ಮ ಕಡೆಯವರಾಗಿದ್ದರೆ ಕೂಡುಕುಟುಂಬದ ಹಿರಿಸೊಸೆ ಎನ್ನುತ್ತಿದ್ದರು: ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರೂ ಮಲಗಿದ ಮೇಲೆ ಮಲಗುವವಳು. ಹೊತ್ತ ಭಾರ ಚಿಕ್ಕದು ಎನ್ನುವುದು ಇಲ್ಲಿ ಸಮಾಧಾನವೇ ಅಲ್ಲ. ಅದನ್ನು ಇಳಿಸಲು ಕ್ಷಣವೂ ಸಿಗದಿರುವುದರಿಂದ ಆ ಎಳೆಗಳು ಬೇಯುತ್ತವೆ. ಎರಡು ಬೆರಳಿನಷ್ಟು ಎತ್ತಿದ ನನ್ನ ಹೆಗಲು ಹನ್ನೊಂದು ವರ್ಷ ಮಾಡಿದ್ದು ಅದನ್ನೇ.

ಭಾರವೂ ಅಂಥ ಚಿಕ್ಕದಲ್ಲ. ನಮ್ಮ ತಲೆಯ ತೂಕ ಸುಮಾರು 5 ಕೆಜಿ. ನೆಟ್ಟಗಿದ್ದರೆ ಕತ್ತಿನ ಮೂಳೆ ಅದನ್ನು ಕಂಬದ ಹಾಗೆ ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಎಳೆದು ಹಿಡಿಯುವ ಕೆಲಸ ಹಿಂದಿನ ಸ್ನಾಯುಗಳಿಗೆ ಬೀಳುತ್ತದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ತಲೆ 60 ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಬೀಳುವ ಬಲ ಸುಮಾರು 27 ಕೆಜಿಗೆ ಸಮ. ಈ ಲೆಕ್ಕವನ್ನು ಪತ್ರಿಕೆಯಲ್ಲಿ ಓದಿದ ದಿನ ಅತ್ತೆಗೆ ಹೇಳಿದೆ. ಅಡುಗೆಮನೆಯ ಮೂಲೆಯಲ್ಲಿ ಸೊಸೈಟಿಯಿಂದ ತಂದ ಇಪ್ಪತ್ತೈದು ಕೆಜಿಯ ಅಕ್ಕಿ ಮೂಟೆಯಿತ್ತು. ಅತ್ತೆ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಂಗಾದ್ರೆ ಹೊತ್ತೇ ಇದ್ದೀಯ ಬಿಡು" ಅಂದರು. ಅವತ್ತು ರಾತ್ರಿ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತಾವೇ ಹೆಗಲಿಗೆ ಶಾಖ ಕೊಟ್ಟರು.

ನನ್ನ ನೋವು ಇಳಿದದ್ದು ಮಾತ್ರೆಯಿಂದಲ್ಲ. ಒಂದಿಷ್ಟು ಅಂಗಸಾಧನೆ, ರಾತ್ರಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ, ಮತ್ತು ಮುಖ್ಯವಾಗಿ ಒಬ್ಬ ಬಡಗಿಯಿಂದ. ಫಿಸಿಯೋ ಹುಡುಗಿ ನಾನು ಕೂರುವ ಜಾಗದ ಫೋಟೋ ತರಿಸಿ ನೋಡಿದಳು. ಮೇಜು ನೆಲದಿಂದ 30 ಅಂಗುಲ, ನಾನು ಐದಡಿ. ಕುರ್ಚಿ ತಗ್ಗಿಸಿ ಪಾದ ನೆಲಕ್ಕೂರಿದರೆ ಕೀಬೋರ್ಡ್ ನನ್ನ ಮೊಣಕೈಗಿಂತ ಗೇಣಿನಷ್ಟು ಮೇಲಿರುತ್ತಿತ್ತು, ಹೆಗಲು ಏರಲೇಬೇಕು. ಕುರ್ಚಿ ಏರಿಸಿದರೆ ಕಾಲು ಜೋತಾಡುತ್ತಿತ್ತು, ಸೀಟಿನ ಅಂಚು ತೊಡೆಗೆ ಒತ್ತುತ್ತಿತ್ತು. ಆ ಮೇಜನ್ನು ಯಾವ ಎತ್ತರದ ಮನುಷ್ಯನಿಗಾಗಿ ಮಾಡಿದ್ದರೋ ತಿಳಿಯದು, ನನಗಾಗಿಯಂತೂ ಅಲ್ಲ. ಕಚೇರಿಗಳಲ್ಲಿ ಹೆಂಗಸರು ಹೆಗಲು ನೋವು ಹೆಚ್ಚು ಹೇಳಿಕೊಳ್ಳುವುದಕ್ಕೆ ಸೂಕ್ಷ್ಮತೆ ಕಾರಣ ಎನ್ನುವವರು ಮೊದಲು ಟೇಪು ಹಿಡಿದು ಮೇಜು ಅಳೆಯಬೇಕು.

ಮಾಲೀಕರು ಮೊದಲು ಹೂಂ ಅನ್ನಲಿಲ್ಲ. ಏಪ್ರಿಲ್ ತಿಂಗಳು, ಗೈಡುಗಳು ಅಚ್ಚಿಗೆ ಹೋಗಬೇಕು. ಪಕ್ಕದ ಸಿಸ್ಟಮ್ಮಿನ ಹುಡುಗನೂ ಕತ್ತು ತಿರುಗಿಸಲಾಗದೆ ಎರಡು ದಿನ ರಜೆ ಹಾಕಿದ ಮೇಲೆ ಬಡಗಿಗೆ ಹೇಳಿಕಳಿಸಿದರು. ಬಡಗಿ ಬಂದು ನನ್ನ ಮೇಜಿನ ನಾಲ್ಕು ಕಾಲನ್ನೂ ಮೂರು ಮೂರು ಅಂಗುಲ ಕುಯ್ದ. ಉಳಿದ ಎತ್ತರಕ್ಕೆ ಕುರ್ಚಿ ಏರಿಸಿ, ಪಾದದ ಕೆಳಗೆ ಹಳೆ ಹಾಳೆಯ ಎರಡು ರೀಮು ಇಟ್ಟುಕೊಂಡೆ. ಬೈಂಡಿಂಗ್ ವಿಭಾಗದಲ್ಲಿ ಒಬ್ಬ ಹಿರಿಯರಿದ್ದರು. ಹಿಂದೆ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್, ಅಚ್ಚುಮೊಳೆ ಹೋದ ಮೇಲೆ ರಟ್ಟಿನ ಕೆಲಸಕ್ಕೆ ಬಂದವರು. ನಾನು ಕತ್ತು ಬಗ್ಗಿಸಿ ಹಸ್ತಪ್ರತಿ ನೋಡುವುದನ್ನು ನೋಡಿ, ಎರಡು ತುಂಡು ದಪ್ಪ ರಟ್ಟಿಗೆ ಕ್ಯಾಲಿಕೋ ಅಂಟಿಸಿ, ಹಿಂದೆ ಕಾಲು ಕೊಟ್ಟು, ಮೇಲೆ ಕ್ಲಿಪ್ಪು ಸಿಕ್ಕಿಸಿ ಓರೆ ಸ್ಟ್ಯಾಂಡು ಮಾಡಿಕೊಟ್ಟರು. "ನಮಗೆ ನಿಂತೂ ನಿಂತೂ ಕಾಲು ಹೋಯ್ತು ತಾಯಿ, ನಿಮಗೆ ಕೂತೂ ಕೂತೂ ಕತ್ತು ಹೋಗೋದು ಬೇಡ" ಅಂದರು. ಪಂಚೆ ಸರಿಸಿ ತೋರಿಸಿದ ಮೀನಖಂಡದಲ್ಲಿ ನೀಲಿ ನರಗಳು ಗಂಟುಗಂಟಾಗಿದ್ದವು.

ಅವರು ದುಡಿಯುತ್ತಿದ್ದ ಕಾಲದ ಕಾನೂನಿಗೆ ಅವರ ಕಾಲು ಕಂಡಿತ್ತು. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು, ನಿಂತು ದುಡಿಯಬೇಕಾದವರಿಗೆ ಕೂರಲು ಅನುಕೂಲ ಮಾಡಿಕೊಡಬೇಕೆಂದು ಹೇಳಿತ್ತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳು ಹೋರಾಡಿದ್ದರಿಂದ ಕೇರಳ 2018ರಲ್ಲಿ, ಆಮೇಲೆ ತಮಿಳುನಾಡು 2021ರಲ್ಲಿ ಕೂರುವ ಹಕ್ಕನ್ನು ಕಾನೂನು ಮಾಡಿದವು. ಕೂತೇ ದುಡಿಯುವವರು ಆಗಾಗ ಏಳುವ ಹಕ್ಕು ಯುರೋಪಿಗೆ 1990ರಲ್ಲೇ ಹೊಳೆಯಿತು. ಪರದೆ ನೋಡಿ ಮಾಡುವ ಕೆಲಸಕ್ಕೆ ನಡುವೆ ಬಿಡುವು ಇರಬೇಕು, ಕುರ್ಚಿ ಮೇಜು ತಕ್ಕಂತಿರಬೇಕು, ಕಣ್ಣಿನ ಪರೀಕ್ಷೆಯಾಗಬೇಕು ಎಂದು ಅಲ್ಲಿನ ಒಕ್ಕೂಟ ಮಾಲೀಕರಿಗೆ ವಿಧಿಸಿತು. ಕಂಪ್ಯೂಟರಿನಿಂದಲೇ ಹೆಸರಾದ ನಮ್ಮ ಬೆಂಗಳೂರಿನಲ್ಲಿ 2024ರಲ್ಲಿ ಸುದ್ದಿಯಾದದ್ದು ಐಟಿ ನೌಕರರ ದುಡಿಮೆಯನ್ನು ದಿನಕ್ಕೆ ಹದಿನಾಲ್ಕು ಗಂಟೆಯವರೆಗೆ ಏರಿಸುವ ಪ್ರಸ್ತಾಪ. ನೌಕರರ ಸಂಘ ಎದ್ದು ನಿಂತು ವಿರೋಧಿಸಿತು. ವಿರೋಧಿಸಿದವರ ಕತ್ತು ಬೆನ್ನುಗಳ ಪರವಾಗಿ ನಾನೂ ಮನಸ್ಸಿನಲ್ಲೇ ಕೈ ಎತ್ತಿದ್ದೆ.

ನನ್ನ ತಮ್ಮನೂ ಅವರಲ್ಲೊಬ್ಬ. 2020ರ ಮಾರ್ಚಿನಲ್ಲಿ ಕಚೇರಿ ಮುಚ್ಚಿದಾಗ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದವನು ದಿವಾನದ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ದಿಂಬಿಟ್ಟು ವರ್ಷಗಟ್ಟಲೆ ಕೆಲಸ ಮಾಡಿದ. ಲ್ಯಾಪ್‌ಟಾಪಿನಲ್ಲಿ ಪರದೆ ಕೀಬೋರ್ಡಿಗೆ ಅಂಟಿಕೊಂಡೇ ಹುಟ್ಟಿದೆ. ಕೈಗೆ ಹದವಾಗಿ ಇಟ್ಟರೆ ಕತ್ತು ಬಾಗಬೇಕು, ಕಣ್ಣಿಗೆ ಹದವಾಗಿ ಇಟ್ಟರೆ ಕೈ ಎತ್ತಬೇಕು. ಬಿಡಿ ಕೀಬೋರ್ಡು, ಬಿಡಿ ಮೌಸು ತರಿಸಿಕೋ ಅಂದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಲು ನಾನೇ ಅಕ್ಷರ ಜೋಡಿಸಿದ ಪಿಯುಸಿ ಗೈಡುಗಳನ್ನು ನಾಲ್ಕು ಅಡಿಗಿಟ್ಟೆ. ಅರ್ಧ ಗಂಟೆಗೊಮ್ಮೆ ಎದ್ದು ಬಾಲ್ಕನಿಯ ತುಳಸಿಯವರೆಗಾದರೂ ಹೋಗಿ ಬಾ ಅಂದೆ. ಮೀಟಿಂಗಿನ ನಡುವೆ ಹೇಗಕ್ಕಾ ಏಳೋದು ಅಂದ. ಅಲ್ಲಿ ನಾನು ಸೋತೆ. ಕುರ್ಚಿಯನ್ನು ಅಕ್ಕ ಸರಿ ಮಾಡಿಕೊಡಬಹುದು. ಬಿಡುವನ್ನು ಕೆಲಸ ಕೊಟ್ಟವರೇ ಕೊಡಬೇಕು.

ನನ್ನ ಕೈ ಈಗ ಬಹುಮಟ್ಟಿಗೆ ಸರಿಯಿದೆ, ಧನುರ್ಮಾಸದಲ್ಲಿ ಎಳೆ ತುಂಡಾಗುವುದಿಲ್ಲ. ರಟ್ಟಿನ ಸ್ಟ್ಯಾಂಡು ಇನ್ನೂ ಮೇಜಿನ ಮೇಲಿದೆ, ಕ್ಯಾಲಿಕೋ ಎರಡು ಸಲ ಬದಲಾಗಿದೆ. ಸ್ಟ್ಯಾಂಡು ಮಾಡಿಕೊಟ್ಟವರು ಈಗಿಲ್ಲ. ಓದುವ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ನೀವು ವೈದ್ಯರಾಗಿದ್ದರೆ ಮಾತ್ರೆ ಬರೆಯುವ ಮೊದಲು ಕಸುಬು ಕೇಳಿ. ನಾಲ್ಕು ಜನಕ್ಕೆ ಕೆಲಸ ಕೊಟ್ಟವರಾಗಿದ್ದರೆ ಅವರ ಮೇಜಿನ ಎತ್ತರವನ್ನು ಒಮ್ಮೆ ಅಳೆಸಿ, ಗಂಟೆಗೊಮ್ಮೆ ಏಳಲು ಬಿಡಿ. ಇವತ್ತು ಸಂಜೆ ನಿಮ್ಮ ಮನೆಗೆ ಮಗಳೋ ಸೊಸೆಯೋ ತಮ್ಮನೋ ಹೆಗಲು ಒತ್ತಿಕೊಳ್ಳುತ್ತಾ ಬಂದರೆ, ಫ್ಯಾನಿನ ಕೆಳಗಿನ ಕೆಲಸ ತಾನೇ ಅನ್ನಬೇಡಿ. ಹೇಗೆ ಕೂರ್ತೀಯ, ಕಾಲು ನೆಲಕ್ಕೆ ಸಿಗುತ್ತಾ, ನಡುವೆ ಏಳೋಕೆ ಬಿಡ್ತಾರಾ ಅಂತ ಕೇಳಿ.